ರಾಜ್‌ದೂತ್ 350: ಹೊಸ ಪಿಸ್ಟನ್ ಹಾಕಿದ ಮ್ಯಾಲ ಐಡಲ್ ಇಳಿವಲ್ದು, ಎಡ ಪ್ಲಗ್ ಬೆಳ್ಳಗ

ಶಹಾಬಾದ್_ಕಲ್ಲು (ಕಲಬುರಗಿ):

ಗಾಡಿ ರಾಜ್‌ದೂತ್ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬೈಕ್, ಹೈ ಟಾರ್ಕ್ ಮಾಡೆಲ್. ಎರಡೂ ಬೋರ್ (ಸಿಲಿಂಡರಿನ ಒಳ ಅಳತಿ) 0.50 ಓವರ್‌ಸೈಜ್, ಅಂದ್ರ 64.50 ಮಿ.ಮೀ. ಪಿಸ್ಟನ್, ರಿಂಗ್, ಪಿನ್ ಬೇರಿಂಗ್, ಎರಡೂ ಕ್ರ್ಯಾಂಕ್ ಸೀಲ್ ಹೊಸವು. ಕಿಡಿ ಕೊಡೋ ಹಳೆ ಪಾಯಿಂಟ್ ತೆಗದು ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಶನ್) ಕಿಟ್ ಹಾಕಿದ್ದದ. ಆಯಿಲ್ ಪಂಪ್, ಏರ್ ಫಿಲ್ಟರ್ ಡಬ್ಬಿ ಕಂಪನಿಯವೇ.

ಥಂಡ ಇದ್ದಾಗ ಐಡಲ್ (ಥ್ರಾಟಲ್ ಬಿಟ್ಟಾಗಿನ ಇಂಜಿನ್ ವೇಗ) 1,200 ಆರ್‌ಪಿಎಂಗೆ ಸರಿ ನಿಲ್ತದ. ಇಂಜಿನ್ ಬಿಸಿ ಆದ ಮ್ಯಾಲ ಥ್ರಾಟಲ್ ಪೂರಾ ಬಿಟ್ರೂ 3,000ಕ್ಕೇ ಹಿಡ್ಕೊಂಡು ನಿಲ್ತದ, ಸಾವಕಾಶ ಇಳಿತದ. ಎಡ ಪ್ಲಗ್ ಪೂರಾ ಬೆಳ್ಳಗ, ಬಲದ್ದು ತಿಳಿ ಕಂದು. ಎರಡೂ ಎನ್‌ಜಿಕೆ ಬಿ8ಎಚ್‌ಎಸ್. ಹುಮನಾಬಾದ್ ರೋಡಿನ್ಯಾಗ 80ರ ಮ್ಯಾಲ ಹೋದಾಗ ಎಡ ಸಿಲಿಂಡರ್ ಹಿಡದಂಗ (ಪಿಸ್ಟನ್ ಒಳಗ ಸಿಕ್ಕೊಂಡಂಗ) ಆಗಿ, ಕ್ಲಚ್ ಒತ್ತಿದ ಕೂಡ್ಲೆ ಬಿಡ್ತು. ಗೇರ್ ಆಯಿಲ್ ಲೆವಲ್ ಇಳಿದಿಲ್ಲ. ಥ್ರಾಟಲ್ ಕೇಬಲ್ ಎಲ್ಲೂ ಸಿಕ್ಕೊಂಡಿಲ್ಲ, ಕಾರ್ಬೊರೇಟರಿನ ಸ್ಲೈಡ್ ಎರಡೂ ಕೆಳತನ ಬರ್ತಾವ.

ಬಿಸಲು 43 ಡಿಗ್ರಿ ಅದ, ಅದಕ್ಕೇ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ) ಆಗ್ಲಾಕತ್ತದ ಅಂತ ಇಲ್ಲಿ ಹೇಳ್ಲಾಕತ್ತಾರ. ಎಡ ಕಾರ್ಬೊರೇಟರಿಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಅಳತಿ ಹಿಡಿಯೋ ಸಣ್ಣ ತೂತಿನ ತುಂಡು) ಹಾಕ್ಲೇನ್ರಿ?

ಬಿದ್ರಿ_ಟೂಸ್ಟ್ರೋಕ್ (ಬೀದರ್):

ಜೆಟ್ ಇನ್ನಾ ಮುಟ್ಟಬ್ಯಾಡ್ರಿ. ಒಂದೇ ಪ್ಲಗ್ ಬೆಳ್ಳಗಾಗೋದು ಮತ್ತ ಬಿಸಿ ಆದ ಮ್ಯಾಲ ಐಡಲ್ ಮ್ಯಾಲೇ ನಿಲ್ಲೋದು, ಎರಡೂ ಕೂಡಿ ಬಂದ್ರ ಹೊರಗಿನ ಗಾಳಿ ಎಲ್ಲೋ ಒಳಗ ಹೊಂಟದ ಅಂತ ತಿಳೀರಿ. ಟೂ ಸ್ಟ್ರೋಕಿನ್ಯಾಗ ಕ್ರ್ಯಾಂಕ್ ಕೇಸೇ ಪಂಪಿನ ಕೆಲಸ ಮಾಡ್ತದ. ಪಿಸ್ಟನ್ ಮ್ಯಾಲ ಹೋದಾಗ ಕೇಸಿನ್ಯಾಗ ನಿರ್ವಾತ ಆಗ್ತದ. ಸೀಲಿನ್ಯಾಗ, ಗ್ಯಾಸ್ಕೆಟಿನ್ಯಾಗ ಸಣ್ಣ ಸಂದಿ ಇದ್ರೂ ಪೆಟ್ರೋಲೂ ಇಲ್ಲದ, ಎಣ್ಣೀನೂ ಇಲ್ಲದ ಬರೀ ಗಾಳಿ ಎಳ್ಕೋತದ.

ಬಿಸಲಿಗೆ ಲೀನ್ ಆಗ್ತದ ಅನ್ನೋ ಮಾತು ತಪ್ಪು. ಕಾದ ಗಾಳಿ ತೆಳುವು, ಅದರಾಗ ಆಮ್ಲಜನಕ ಕಡಿಮಿ, ಹಂಗಾಗಿ ಕಾರ್ಬೊರೇಟರ್ ಗಾಡಿ ಬ್ಯಾಸಗ್ಯಾಗ ಒಂದೀಟು ರಿಚ್ (ಪೆಟ್ರೋಲ್ ಹೆಚ್ಚು) ಕಡೆಗೇ ವಾಲ್ತದ. ಬಿಸಲಿನ್ಯಾಗ ಫಿನ್‌ಗಳಿಂದ ಶಾಖ ಹೊರಗ ಹೋಗೋದು ಕಡಿಮಿ ಆಗ್ತದ, ಅದಕ್ಕ ಮೊದಲೇ ಲೀನ್ ಇದ್ದ ಸಿಲಿಂಡರ್ ಜಲ್ದಿ ಹಿಡೀತದ. ಬಿಸಲೇ ಕಾರಣ ಇದ್ದಿದ್ರ ಬಲದ್ದೂ ಬೆಳ್ಳಗ ಆಗ್ಬೇಕಿತ್ತು.

ಮೇನ್ ಜೆಟ್ ಕೆಲಸ ಮಾಡೋದು ಥ್ರಾಟಲ್ ಮುಕ್ಕಾಲು ದಾಟಿದ ಮ್ಯಾಲ. ಐಡಲಿನ್ಯಾಗ ಒಳಗ ಹೋಗೋ ಮಿಶ್ರಣನೇ ಕಡಿಮಿ, ಆವಾಗ ಲೀಕಿನ ಗಾಳಿ ಪಾಲು ಹೆಚ್ಚು. ಜೆಟ್ ದೊಡ್ಡದು ಮಾಡಿದ್ರ ಮ್ಯಾಲ ರಿಚ್, ಕೆಳಗ ಹಂಗೇ ಲೀನ್, ಲೀಕ್ ಇದ್ದಲ್ಲೇ ಇರ್ತದ.

ಮೊದಲು ಪ್ರೆಶರ್ ಟೆಸ್ಟ್ ಮಾಡ್ರಿ. ಸಾಮಾನು ತುಟ್ಟಿ ಇಲ್ಲ. ಬಿಪಿ ನೋಡೋ ಹಳೆ ಮಷೀನಿನ ಬಲ್ಬು, ಡಯಲ್ ಸಾಕು. ಅದರ ಮುಳ್ಳು 300 ಮಿ.ಮೀ. ಪಾದರಸದತನ ಹೋಗ್ತದ, ಅಂದ್ರ ಸುಮಾರು 5.8 ಪಿಎಸ್‌ಐ. ನಮಗ ಬೇಕಾದ್ದೂ ಅಷ್ಟೇ. ಅದಕ್ಕಿಂತ ಮ್ಯಾಲ ಹೋಗಬ್ಯಾಡ್ರಿ, ಸೀಲಿನ ತುಟಿ ಹೊರಳ್ತದ. ಪಂಕ್ಚರ್ ಅಂಗಡಿ ಕಂಪ್ರೆಸರ್ ಅಂತೂ ಬ್ಯಾಡೇ ಬ್ಯಾಡ.

ಕಾರ್ಬೊರೇಟರ್ ಎರಡೂ ತೆಗೀರಿ, ಸೈಲೆನ್ಸರ್ ಎರಡೂ ತೆಗೀರಿ. ಎರಡೂ ಎಕ್ಸಾಸ್ಟ್ ಪೋರ್ಟಿಗೆ, ನಟ್ ತಿರುವಿದ್ರ ಹಿಗ್ಗೋ ರಬ್ಬರ್ ಬುಚ್ಚು ಹಾಕ್ರಿ. ಎರಡೂ ಇನ್‌ಟೇಕ್ ರಬ್ಬರಿಗೆ ಬುಚ್ಚು ಹಾಕಿ ಕ್ಲಿಪ್ ಬಿಗೀರಿ, ಒಂದರಾಗ ಗಾಳಿ ಹೋಗೋ ನಿಪ್ಪಲ್ ಇರ್ಲಿ. ಇನ್‌ಟೇಕಿನ್ಯಾಗ ಇರೋ ರೀಡ್ ವಾಲ್ವ್ (ತೆಳು ಪಟ್ಟಿಯ ವಾಲ್ವ್) ಒಳಗಡೆಗೇ ತೆರೀತದ, ಹಂಗಾಗಿ ಇಲ್ಲಿಂದ ಹಾಕಿದ ಗಾಳಿ ಕೇಸಿಗೆ ಹೋಗ್ತದ. ಪ್ಲಗ್ ಎರಡೂ ಬಿಗಿ ಇರ್ಲಿ. ಎರಡೂ ಸಿಲಿಂಡರ್ ನಡುವಿನ ಕ್ರ್ಯಾಂಕ್ ಸೀಲ್ ರಬ್ಬರಿನದಲ್ಲ, ಲ್ಯಾಬಿರಿಂತ್ ಸೀಲ್ (ಗೆರಿ ಗೆರಿ ಇರೋ ಲೋಹದ ಸೀಲ್), ಅದರ ಸಂದಿಯಿಂದ ಗಾಳಿ ಸಾವಕಾಶ ಆ ಕಡೆ ದಾಟ್ತದ. ಅದಕ್ಕೇ ಎರಡೂ ಕಡೆ ಮುಚ್ಚಬೇಕು, ಎಡಗಡೆ ಒಂದೇ ಮುಚ್ಚಿ ನೋಡಿದ್ರ ಲೆಕ್ಕ ತಪ್ತದ.

300ಕ್ಕ ಏರಿಸಿ ಕೈ ಬಿಡ್ರಿ. ಒಂದು ನಿಮಿಷಕ್ಕ 50ರ ಒಳಗ ಇಳಿದ್ರ ಚಿಂತಿ ಇಲ್ಲ. ಅದಕ್ಕಿಂತ ಜೋರ್ ಇಳಿದ್ರ ಸೋಪಿನ ನೀರು ಸಿಂಪಡ್ಸಿ ಹುಡುಕ್ರಿ: ಸಿಲಿಂಡರ್ ಬುಡದ ಗ್ಯಾಸ್ಕೆಟ್, ರೀಡ್ ಬ್ಲಾಕ್, ಹೆಡ್, ಎರಡೂ ಇನ್‌ಟೇಕ್ ಕೂಡಿಸೋ ಸಣ್ಣ ರಬ್ಬರ್ ಪೈಪ್, ಆಮ್ಯಾಲ ರೋಟರ್ (ಆಲ್ಟರ್ನೇಟರಿನ ತಿರುಗೋ ಭಾಗ) ತೆಗದು ಅದರ ಹಿಂದಿನ ಎಡ ಸೀಲ್. ಬಲ ಸೀಲ್ ಕಣ್ಣಿಗೆ ಕಾಣೂದಿಲ್ಲ. ಅದು ಹೋಗಿದ್ರ ಇಂಜಿನ್ ಗೇರ್ ಆಯಿಲ್ ಎಳ್ಕೊಂಡು ಬಿಳಿ ಹೊಗಿ ಬಿಡ್ತದ. ಟೆಸ್ಟಿನ್ಯಾಗ ಗಾಳಿ ಗೇರ್ ಬಾಕ್ಸಿಗೆ ಹೋಗ್ತದ, ಅದರ ಬ್ರೀದರ್ (ಉಸಿರು) ಪೈಪಿನ ತುದಿ ನೀರಿನ್ಯಾಗ ಮುಳುಗಿಸಿದ್ರ ಗುಳ್ಳಿ ಬರ್ತಾವ. ನಿಮ್ಮ ಗೇರ್ ಆಯಿಲ್ ಇಳಿದಿಲ್ಲ, ಬಿಳಿ ಹೊಗಿ ಅಂತನೂ ಬರೆದಿಲ್ಲ, ಹಂಗಾಗಿ ನನ್ನ ಸಂಶಯ ಎಡಗಡೆ ಮ್ಯಾಲೇ.

ಕಪನೂರ_ಲೇಥ್ (ಕಲಬುರಗಿ):

ಬುಚ್ಚಿಗೆ ನೈಲಾನ್ ರಾಡ್ ತಿರುವಿಸ್ಕೊಳ್ರಿ. ಇನ್‌ಟೇಕ್ ರಬ್ಬರಿನ ಒಳ ಅಳತಿ ವರ್ನಿಯರ್‌ಲೆ ನೋಡಿ ಅರ್ಧ ಮಿ.ಮೀ. ದಪ್ಪ ಇಟ್ರ ಕ್ಲಿಪ್ಪಿನ್ಯಾಗ ಗಟ್ಟಿ ಕೂಡ್ತದ. ನಿಪ್ಪಲ್ಲಿಗೆ ಸ್ಕೂಟರ್ ಟ್ಯೂಬಿನ ವಾಲ್ವ್ ಕತ್ತರಿಸಿ ಒಳಗಿನ ಪಿನ್ ತೆಗದು ಹಾಕ್ರಿ.

ಸಿಲಿಂಡರ್ ಒಮ್ಮೆ ಹಿಡದದ, ಹಂಗಾಗಿ ಎಕ್ಸಾಸ್ಟ್ ಪೋರ್ಟಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡ್ರಿ. ಉದ್ದ ಗೆರಿ ಕಂಡ್ರ ಸಿಲಿಂಡರ್ ಎತ್ತಲೇಬೇಕು. ಗ್ವಾಡಿಗೆ ಅಲ್ಯೂಮಿನಿಯಂ ಮೆತ್ತಿದ್ದು ಅಷ್ಟೇ ಇದ್ರ 400 ನಂಬರ್ ವಾಟರ್ ಪೇಪರ್‌ಲೆ ಅಡ್ಡಡ್ಡ ತಿಕ್ಕಿ ತೆಗೀರಿ, ಬೆರಳಿಗೆ ತಗ್ಗು ಹತ್ತಿದ್ರ ಇನ್ನೂ ದೊಡ್ಡ ಓವರ್‌ಸೈಜಿಗೆ ಬೋರ್ ಮಾಡಿಸ್ಬೇಕು. ರಿಂಗ್ ತೆಗದು ಬೋರಿನ್ಯಾಗ ಇಟ್ಟು ಬಾಯಿ ಗ್ಯಾಪ್ ಅಳೀರಿ, 0.2ರಿಂದ 0.4 ಮಿ.ಮೀ. ಇರ್ಬೇಕು. ಪಿಸ್ಟನ್ ಕ್ಲಿಯರೆನ್ಸ್ 0.04 ಮಿ.ಮೀ. ಆಸುಪಾಸು ಮೂಲ ಲೆಕ್ಕ. ಈಗ ಸಿಗೋ ಬೇರೆ ಕಂಪನಿ ಪಿಸ್ಟನ್ನಿಗೆ 0.05 ಇಡೋದು ಒಳ್ಳೇದು, ಅವು ಬಿಸಿಗೆ ಹೆಚ್ಚು ಹಿಗ್ತಾವ.

ಶಹಾಬಾದ್_ಕಲ್ಲು:

ಟೆಸ್ಟ್ ಮಾಡ್ದೆ. 300ರಿಂದ ಅರ್ಧ ನಿಮಿಷಕ್ಕ 160ಕ್ಕ ಬಂತು. ಬುಡ, ರೀಡ್ ಬ್ಲಾಕ್, ನಡುವಿನ ಪೈಪ್ ಎಲ್ಲಾ ಒಣ. ಬ್ರೀದರಿನ್ಯಾಗ ಗುಳ್ಳಿ ಇಲ್ಲ. ರೋಟರ್ ತೆಗದು ನೀರು ಹೊಡದ್ರ ಎಡ ಸೀಲಿನ ಕೆಳಗಡೆ ಒಂದೇ ಕಡೆ ಗುಳ್ಳಿ ಬರ್ಲಾಕತ್ತಾವ. ಸೀಲ್ ಹೊಸದು ಅದರೀ, ಹೊರಗಿನ ಅಂಚು ಸರಿ ಕೂತದ. ಪಿಸ್ಟನ್ನಿಗೆ ಗೆರಿ ಇಲ್ಲ, ಎಕ್ಸಾಸ್ಟ್ ಕಡೆ ಒಂದೀಟು ಮೆತ್ತಿದ್ದಿತ್ತು, ತೆಗದೀನಿ.

ಬಿದ್ರಿ_ಟೂಸ್ಟ್ರೋಕ್:

ಒಂದೇ ಕಡೆ ಗುಳ್ಳಿ ಬಂದ್ರ ಒಳ ತುಟಿ ಹರಿದದ. ಕ್ರ್ಯಾಂಕಿನ ತುದ್ಯಾಗ ರೋಟರ್ ಕೀ (ರೋಟರ್ ಜಾರದಂಗ ಹಿಡಿಯೋ ತುಂಡು) ಕೂಡೋ ತೋಡು ಅದಲ್ಲ, ಅದರ ಅಂಚು ಚಾಕುನಷ್ಟು ಹರಿತ. ಸೀಲ್ ಅದರ ಮ್ಯಾಲಿಂದ ಒಣಗೇ ತಳ್ಳಿದ್ರ ತುಟಿ ಸೀಳ್ತದ, ಇಲ್ಲಾ ಒಳಗ ಮಡಿಚಿ ಅದರ ಹಿಂದಿನ ಸ್ಪ್ರಿಂಗ್ ಕಳಚ್ತದ. ತೆಗದ ಸೀಲ್ ತಿರುವಿ ನೋಡ್ರಿ, ಸೀಳು ಕಾಣ್ತದ.

ನನ್ನ ಅಭಿಪ್ರಾಯಕ್ಕ ಕೇಸ್ ಬಿಚ್ಚಿ ಎರಡೂ ಸೀಲ್ ಒಟ್ಟಿಗೇ ಬದಲಿ ಮಾಡ್ರಿ. ಕೆಲಸ ಹೆಚ್ಚು, ಆದ್ರ ಬಲ ಸೀಲೂ ಅದೇ ಕೈಯಿಂದ ಅದೇ ರೀತಿ ಕೂತದ. ವಿಟಾನ್ ರಬ್ಬರಿನ ಸೀಲ್ ಕೇಳ್ರಿ, ಈಗಿನ ಎಥನಾಲ್ ಪೆಟ್ರೋಲಿಗೂ ಶಾಖಕ್ಕೂ ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ಹೆಚ್ಚು ತಡೀತಾವ. ಕಲಬುರಗ್ಯಾಗ ಸಿಗ್ಲಿಲ್ಲಂದ್ರ ಹೈದರಾಬಾದಿನ್ಯಾಗ, ಇಲ್ಲಾ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸ್ರಿ. ಹಳೆ ಸೀಲ್ ಉಜ್ಜಿ ಕ್ರ್ಯಾಂಕಿನ ಮ್ಯಾಲ ಗೆರಿ ಬಿದ್ದದೇನು, ಉಗುರು ಆಡಿಸಿ ನೋಡ್ರಿ. ಉಗುರು ಸಿಕ್ಕೊಂಡ್ರ ಹೊಸ ಸೀಲೂ ಭಾಳ ದಿವಸ ತಾಳೂದಿಲ್ಲ.

ಕೂಡಿಸೋವಾಗ ಕೀ ತೋಡಿನ ಮ್ಯಾಲ ತೆಳು ಪ್ಲಾಸ್ಟಿಕ್ ಹಾಳಿ ಸುತ್ತಿ ಟೂ ಸ್ಟ್ರೋಕ್ ಎಣ್ಣಿ ಹಚ್ರಿ. ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ತಿರುವುತ್ತ ತಿರುವುತ್ತ ಸರಿಸ್ರಿ. ಕ್ರ್ಯಾಂಕ್ ಬೇರಿಂಗಿನ ಪಿನ್‌ಗಳು ಕೇಸಿನ ತೂತಿನ್ಯಾಗ ಕೂತಾವೇನು ಒಂದೊಂದೇ ನೋಡ್ರಿ. ಪಿನ್ ಹೊರಗಿದ್ದು ಬೋಲ್ಟ್ ಬಿಗಿದ್ರ ಬೇರಿಂಗ್ ಹಾಳು. ಕೇಸಿನ ಮುಖಕ್ಕ ಸಿಲಿಕಾನ್ ಬ್ಯಾಡ, ಯಮಾಬಾಂಡ್‌ನಂತಾ ಗ್ಯಾಸ್ಕೆಟ್ ಅಂಟು ತೆಳುವಾಗಿ ಹಚ್ರಿ. ಬೋಲ್ಟ್ ಪಕ್ಕದಾಗ ಎರಕದಾಗೇ ನಂಬರ್ ಇರ್ತಾವ, ಆ ಕ್ರಮದಾಗೇ ಎರಡು ಸುತ್ತಿನ್ಯಾಗ ಬಿಗೀರಿ.

ಆದ ಮ್ಯಾಲ ಪ್ರೆಶರ್ ಟೆಸ್ಟ್ ಮತ್ತ ಮಾಡ್ರಿ, ಕೂಡೇ ನಿರ್ವಾತದ ಟೆಸ್ಟೂ ಮಾಡ್ರಿ. ಒತ್ತಡ ಸೀಲಿನ ತುಟಿನ ಕ್ರ್ಯಾಂಕಿಗೆ ಅದುಮ್ತದ, ನಿರ್ವಾತ ಎತ್ತತದ. ಒತ್ತಡದಾಗ ಪಾಸ್ ಆಗಿ ನಿರ್ವಾತದಾಗ ಫೇಲ್ ಆಗೋ ಸೀಲ್ ಇರ್ತಾವ. 150 ಮಿ.ಮೀ. ಪಾದರಸದಷ್ಟು ಎಳೆದು ಬಿಟ್ರ ಸಾಕು.

ಆಯಿಲ್ ಪಂಪಿನ ಪೈಪ್ ಬಿಚ್ಚಿದ್ರ ಒಳಗ ಗಾಳಿ ಸೇರಿರ್ತದ. ಪಂಪಿನ ಬ್ಲೀಡ್ ಸ್ಕ್ರೂ ಸಡ್ಲ ಮಾಡಿ ಗುಳ್ಳಿ ನಿಲ್ಲೋತನ ಬಿಡ್ರಿ, ಪೈಪಿನ್ಯಾಗ ಎಣ್ಣಿ ತುಂಬಿದ್ದು ಕಣ್ಣಾರೆ ನೋಡ್ರಿ. ಮೊದಲನೇ ಟ್ಯಾಂಕಿಗೆ ಲೀಟರಿಗೆ 40 ಮಿ.ಲೀ. ಜಾಸೊ ಎಫ್‌ಡಿ ದರ್ಜೆಯ ಟೂ ಸ್ಟ್ರೋಕ್ ಎಣ್ಣಿ ಬೇರೆ ಕಲಸ್ರಿ. ಹೊಗಿ ಬರ್ತದ, ಬರ್ಲಿ.

ಭೀಮಾತೀರ (ಯಾದಗಿರಿ):

ಲೀಕ್ ಸರಿಯಾದ ಮೇಲೆ ಟೈಮಿಂಗ್ (ಕಿಡಿ ಬರುವ ಹೊತ್ತು) ನೋಡದೆ ಓಡಿಸಬೇಡಿ. ಸಿಡಿಐ ಕಿಟ್ ಹಾಕಿದ ಗಾಡಿಗಳಲ್ಲಿ ಪ್ಲೇಟಿನ ಗುರುತು ನಂಬಿ ಬಿಡುತ್ತಾರೆ. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ) ಹಿಡಿಯಿರಿ, ಅಲ್ಲಿಂದ ಹಿಂದಕ್ಕೆ ತಿರುಗಿಸಿ 2.0 ಮಿ.ಮೀ. ಕೆಳಗೆ ರೋಟರ್ ಮೇಲೆ ಗುರುತು ಹಾಕಿ, ಟೈಮಿಂಗ್ ಲೈಟಿನಲ್ಲಿ ನೋಡಿ. ಎರಡೂ ಸಿಲಿಂಡರ್ ಬೇರೆ ಬೇರೆ ನೋಡಲೇಬೇಕು. ಕ್ರ್ಯಾಂಕ್ 180 ಡಿಗ್ರಿಯದು (ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗೆ), ಸಿಡಿಐ ಪಿಕಪ್ ಪ್ಲೇಟ್ ಕೊಂಚ ಓರೆಯಾಗಿ ಕೂತರೂ ಒಂದು ಕಡೆ ಸರಿ, ಇನ್ನೊಂದು ಕಡೆ ಕಿಡಿ ಮುಂದೆ ಬಂದಿರುತ್ತದೆ, ಅಂದರೆ ಬೇಗ ಬರುತ್ತದೆ. ಮುಂದೆ ಬಂದ ಸಿಲಿಂಡರಿನ ಪ್ಲಗ್ ಕೂಡ ಬೆಳ್ಳಗೇ ಕಾಣುತ್ತದೆ, ಲೀನ್ ಅಂತ ಮೋಸ ಹೋಗುತ್ತೀರಿ.

ಈ ಗಾಡಿಯ ಆಲ್ಟರ್ನೇಟರಿಗೆ ಖಾಯಂ ಅಯಸ್ಕಾಂತ ಇಲ್ಲ, ರೋಟರ್ ಸುರುಳಿಗೆ ಬ್ಯಾಟರಿಯಿಂದ ಬ್ರಶ್ ಮೂಲಕ ಕರೆಂಟ್ ಹೋಗಬೇಕು. ಬ್ರಶ್ ಸವೆದಿದ್ದರೆ ಚಾರ್ಜಿಂಗ್ ಇಳಿಯುತ್ತದೆ. ಕಿಟ್ ಬ್ಯಾಟರಿಯಿಂದ ನಡೆಯುವುದಾದರೆ ಕಿಡಿಯೂ ಸೊರಗುತ್ತದೆ. 3,000 ಆರ್‌ಪಿಎಂನಲ್ಲಿ ಬ್ಯಾಟರಿ ತುದಿಗಳ ನಡುವೆ 14ರಿಂದ 14.5 ವೋಲ್ಟ್ ಬರಬೇಕು.

ಶಹಾಬಾದ್_ಕಲ್ಲು:

ಸೀಲಿನ ತುಟಿ ಕೀ ತೋಡಿನ ಅಗಲದಷ್ಟೇ ಸೀಳಿತ್ತು. ಎರಡೂ ಬದಲಿ ಆದವು, ಈಗ ಒಂದು ನಿಮಿಷಕ್ಕ 300ರಿಂದ 285. ಬಲ ಸಿಲಿಂಡರ್ ಟೈಮಿಂಗ್ 2.3ಕ್ಕ ಇತ್ತು, ಎರಡೂ 2.0ಕ್ಕ ತಂದೀನಿ. ಬಿಸಿ ಆದ ಮ್ಯಾಲನೂ ಐಡಲ್ 1,200ಕ್ಕೇ ಬರ್ತದ. ಎರಡೂ ಪ್ಲಗ್ ಈಗ ಒಂದೇ ಬಣ್ಣ, ಆದ್ರ ಇನ್ನಾ ಒಂದೀಟು ತಿಳಿ ಅವ. ಇ20 (ನೂರಕ್ಕ 20 ಪಾಲು ಎಥನಾಲ್ ಇರೋ ಪೆಟ್ರೋಲ್) ಕಾರಣ ಇರ್ತದೇನ್ರಿ? ಮುಂದಿನ ಡ್ರಮ್ ತೆಗದು ಡಿಸ್ಕ್ ಹಾಕೋ ವಿಚಾರನೂ ಅದ.

ಬಿದ್ರಿ_ಟೂಸ್ಟ್ರೋಕ್:

ಹೌದ್ರಿ, ಈಗ ಜೆಟ್ ಮುಟ್ಟೋ ಹೊತ್ತು. ಒಂದು ಪಾಲು ಶುದ್ಧ ಪೆಟ್ರೋಲಿಗೆ ತೂಕದಾಗ 14.7 ಪಾಲು ಗಾಳಿ ಇದ್ರ ಇ20ಗೆ 13.5ರ ಆಸುಪಾಸು ಬೇಕು, ಅಂದ್ರ ಅದೇ ಜೆಟ್ಟಿನ್ಯಾಗ ನೂರಕ್ಕ ಏಳೆಂಟು ಪಾಲು ಲೀನ್. ಎರಡೂ ಕಡೆ ಮೇನ್ ಜೆಟ್ ಒಂದು ನಂಬರ್ ಏರಿಸ್ರಿ, ಕಾರ್ಬೊರೇಟರ್ ಸೂಜಿಯ ಕ್ಲಿಪ್ ಒಂದು ತೋಡು ಕೆಳಗ ಇಳಿಸ್ರಿ. ಫುಲ್ ಥ್ರಾಟಲ್ ಪ್ಲಗ್ ಪರೀಕ್ಷಾ 500 ಕಿ.ಮೀ. ರನ್ನಿಂಗ್ ಇನ್ ಮುಗಿದ ಮ್ಯಾಲ ಮಾಡ್ರಿ. ಹಳೆ ಪೆಟ್ರೋಲ್ ಪೈಪ್ ಮೆತ್ತಗಾಗ್ತಾವ, ಎಥನಾಲ್ ತಡಿಯೋ ಪೈಪ್ ಹಾಕ್ರಿ. ಎಥನಾಲ್ ನೀರು ಹೀರ್ತದ, ಗಾಡಿ ತಿಂಗಳಗಟ್ಲೆ ನಿಲ್ಲೋದಿದ್ರ ಫ್ಲೋಟ್ ಬೌಲ್ ಖಾಲಿ ಮಾಡ್ರಿ. ನಿಮ್ಮ ಕಡೆ ಕಲ್ಲಿನ ಧೂಳು, ಸಿಮೆಂಟಿನ ಧೂಳು ಹೆಚ್ಚು, ಫೋಮ್ ಫಿಲ್ಟರ್ ತೊಳದು ಎಣ್ಣಿ ಹಚ್ಚೋದು ಬಿಡಬ್ಯಾಡ್ರಿ. ಡಬ್ಬಿ ತೆಗದು ಕೋನ್ ಫಿಲ್ಟರ್ ಹಾಕಿದ್ರ ಈ ಜೆಟ್ ಲೆಕ್ಕ ಎಲ್ಲಾ ಮತ್ತ ಹೊಸದಾಗಿ ಮಾಡಬೇಕಾಗ್ತದ.

ಡಿಸ್ಕ್ ಸದ್ಯಕ್ಕ ಬಿಡ್ರಿ. ಹಬ್, ಫೋರ್ಕ್, ಮಾಸ್ಟರ್ ಸಿಲಿಂಡರ್ ಎಲ್ಲಾ ಬೇರೆ ಗಾಡಿಯಿಂದ ಬರ್ಬೇಕು, ಅಚ್ಚು ಹೊಂದೂದಿಲ್ಲ. ಮುಂದಿನ ಡ್ರಮ್ಮಿನ್ಯಾಗ ಎರಡು ಕ್ಯಾಮ್ ಅವ, ಎರಡೂ ಶೂ ಒಮ್ಮೆಲೆ ತಾಗಬೇಕು. ಹೆಚ್ಚಿನ ಗಾಡ್ಯಾಗ ಒಂದೇ ತಾಗ್ತದ, ಅದಕ್ಕೇ ಬ್ರೇಕ್ ಇಲ್ಲ ಅಂತಾರ. ನಡುವಿನ ಲಿಂಕ್ ರಾಡ್ ಸಡ್ಲ ಮಾಡಿ, ಗಾಲಿ ತಿರುವುತ್ತ ಮೊದಲನೇ ಶೂ ಸಪ್ಪಳ ಬರೋತನ ಲಿವರ್ ಎಳೆದು ಹಿಡೀರಿ. ಹಂಗೇ ಹಿಡ್ಕೊಂಡು ಎರಡನೇ ಕ್ಯಾಮ್ ಕೈಲೆ ತಿರುವಿ ಅದರ ಸಪ್ಪಳ ಬಂದಲ್ಲಿ ರಾಡಿನ ನಟ್ ಲಾಕ್ ಮಾಡ್ರಿ. ಡ್ರಮ್ ಅಂಡಾಕಾರ ಆಗಿದ್ರ ಗಾಲಿ ಸಮೇತ ಲೇಥಿನ ಮ್ಯಾಲ ಹಿಡಿದು ಸ್ಕಿಮ್ ಮಾಡಿಸ್ರಿ (ತೆಳುವಾಗಿ ಕಡೆಸ್ರಿ).

ರೊಕ್ಕ ಹಾಕೋದಿದ್ರ ಸ್ವಿಂಗ್ ಆರ್ಮಿಗೆ (ಹಿಂದಿನ ಗಾಲಿ ಹಿಡಿಯೋ ತೋಳಿಗೆ) ಹಾಕ್ರಿ. ಕಂಪನಿ ಪ್ಲಾಸ್ಟಿಕ್ ಬುಶ್ ಸವೆದು ಹಿಂದಿನ ಗಾಲಿ ಅಡ್ಡ ಅಲ್ಲಾಡ್ತದ. ಕಪನೂರದವರ ಕಡೆ ಕಂಚಿನ ಬುಶ್ ತಿರುವಿಸಿ, ಗ್ರೀಸ್ ನಿಲ್ಲೋ ತೋಡು ತೆಗೆಸಿ ಹಾಕ್ಸ್ರಿ. ಹ್ಯಾಂಡಲ್ ಕೊರಳಿಗೆ ಗುಂಡಿನ ಬೇರಿಂಗ್ ಬದಲು ಟೇಪರ್ ರೋಲರ್ ಬೇರಿಂಗ್ ಹಾಕ್ಸ್ರಿ.

ಕಪನೂರ_ಲೇಥ್:

ಬುಶ್ಶಿಗೆ ಹಳೆ ಪ್ಲಾಸ್ಟಿಕ್ ತರಬ್ಯಾಡ್ರಿ, ಅದು ಸವೆದಿರ್ತದ. ಸ್ವಿಂಗ್ ಆರ್ಮ್, ಒಳಗಿನ ಪೈಪ್, ಪಿವಟ್ ಬೋಲ್ಟ್ ಮೂರೂ ತರ್ರಿ. ಒಳಗಿನ ಪೈಪಿನ ಮ್ಯಾಲ ಗೆರಿ ಇದ್ರ ಅದನ್ನೂ ಹೊಸದು ಮಾಡಬೇಕಾಗ್ತದ, ಇಲ್ಲಂದ್ರ ಕಂಚು ಜಲ್ದಿ ತಿಂತದ. ಹೆಡ್ ನಟ್ ನಾಲ್ಕೈದು ಸಲ ಬಿಸಿಯಾಗಿ ತಣ್ಣಗಾದ ಮ್ಯಾಲ, ಇಂಜಿನ್ ಪೂರಾ ಥಂಡ ಇದ್ದಾಗ, ಎದುರುಬದುರು ಕ್ರಮದಾಗ ಇನ್ನೊಮ್ಮೆ ಟಾರ್ಕ್ ನೋಡ್ರಿ.