ಸಿಡಿಲಿಗೆ ಬೋರ್ಡ್ ಹೋಯ್ತು, ವಿಂಡೋಸ್ ಲೈಸೆನ್ಸೂ ಹೋಯ್ತಾ?

ಬೇಲೂರು ಟೈಪಿಂಗ್:
ನಮಸ್ಕಾರ. ಬೇಲೂರಿನಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಆಗಾಗ ಗೃಹಪ್ರವೇಶದ ಕಾರ್ಡು. ಏಪ್ರಿಲ್‌ನ ಗುಡುಗು ಮಳೆಗೆ ಮದರ್‌ಬೋರ್ಡ್ ಸುಟ್ಟುಹೋಯಿತು. ಕರೆಂಟಿನ ಪ್ಲಗ್ ಕಿತ್ತಿದ್ದೆ. ನೆಟ್ ವೈರ್ ಕೀಳುವುದು ಮರೆತಿದ್ದೆ. ಹಾರ್ಡ್ ಡಿಸ್ಕ್ ಉಳಿದಿದೆ, ಅದು ನನ್ನ ಪುಣ್ಯ.

ಹಾಸನಕ್ಕೆ ಹೋಗಿ ಹೊಸದು ಅಸೆಂಬಲ್ ಮಾಡಿಸಿದೆ. ರೈಜನ್ 5, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. "ವಿಂಡೋಸ್ 11 ಪ್ರೊ ಹಾಕಿದ್ದೀನಿ ಅಕ್ಕ, ಲೈಫ್‌ಟೈಮ್" ಅಂದ ಅಂಗಡಿ ಹುಡುಗ. ಬಿಲ್ಲಿನಲ್ಲಿ ವಿಂಡೋಸಿನ ಹೆಸರೇ ಇಲ್ಲ. ಕೇಳಿದರೆ ನಕ್ಕ.

ಹಳೆಯದು ಕಂಪನಿ ಕಂಪ್ಯೂಟರ್, ವಿಂಡೋಸ್ 10 ಅದರ ಜೊತೆಗೇ ಬಂದಿತ್ತು. ಆ ಲೈಸೆನ್ಸ್ ಇದಕ್ಕೆ ಬರುತ್ತದಾ? ಆನ್‌ಲೈನಲ್ಲಿ 500 ರೂಪಾಯಿಗೆ ಕೀ, ಅಂದರೆ ವಿಂಡೋಸ್ ಆಕ್ಟಿವೇಟ್ ಮಾಡುವ ಕೋಡ್, ಮಾರುತ್ತಾರಲ್ಲ, ಅದು ನಡೆಯುತ್ತದಾ? ಒರಿಜಿನಲ್‌ಗೆ 10,000ದ ಮೇಲೆ ಹೇಳುತ್ತಿದ್ದಾರೆ. ನಾನು ಪುಟಕ್ಕೆ 30 ರೂಪಾಯಿ ತಗೊಳ್ಳುವವಳು. ಮುನ್ನೂರಕ್ಕೂ ಜಾಸ್ತಿ ಪುಟ ಟೈಪ್ ಮಾಡಬೇಕು, ಅದೂ ಕಣ್ಣಿಗೆ ಕಾಣದ ಒಂದು ವಸ್ತುವಿಗೆ!

ಹಾಸನದ ಲ್ಯಾಬ್ ಮೇಷ್ಟ್ರು:
ಅಕ್ಕ, ಹಳೇ ಲೈಸೆನ್ಸ್ ಬರುವುದಿಲ್ಲ. ಅದು ಒಇಎಂ, ಅಂದರೆ ಕಂಪ್ಯೂಟರಿನ ಜೊತೆಗೇ ಬಂದು ಅದಕ್ಕೇ ಅಂಟಿಕೊಂಡ ಲೈಸೆನ್ಸ್. ವಿಂಡೋಸ್ 8 ಬಂದ ಮೇಲೆ ಕಂಪನಿಗಳು ಕೀಯನ್ನು ಬೋರ್ಡಿನ ಚಿಪ್ಪಿನಲ್ಲೇ ಇಟ್ಟು ಕಳಿಸುತ್ತವೆ. ಬೋರ್ಡ್ ಸತ್ತರೆ ಅದೂ ಸತ್ತಂತೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಆಸೆ ಬಿಡಿ.

ಆ ಹುಡುಗನ ಲೈಫ್‌ಟೈಮ್ ಎಷ್ಟು ದಿನದ್ದು ನೋಡೋಣ. ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಓರೆಗೆರೆ, ಎಕ್ಸ್‌ಪಿಆರ್ ಅಂತ ಹೊಡೆಯಿರಿ. ಮುಗಿಯುವ ತಾರೀಕು ತೋರಿಸಿದರೆ ಅದು ಕೆಎಂಎಸ್. ದೊಡ್ಡ ಆಫೀಸು, ಕಾಲೇಜುಗಳು ತಮ್ಮದೇ ಸರ್ವರ್ ಇಟ್ಟುಕೊಂಡು 180 ದಿನದೊಳಗೆ ಒಮ್ಮೆಯಾದರೂ ನವೀಕರಿಸುವ ವ್ಯವಸ್ಥೆ ಅದು. ನಿಮ್ಮ ಅಂಗಡಿಯಲ್ಲಿ ಆ ಸರ್ವರ್ ಎಲ್ಲಿದೆ?

500 ರೂಪಾಯಿ ಕೀಗಳಲ್ಲಿ ಎಷ್ಟೋ ಇಂಥ ಕಡೆಯಿಂದ ಜಾರಿ ಬಂದವೇ. ಇವತ್ತು ನಡೆಯುತ್ತದೆ, ನಾಳೆ ಮೈಕ್ರೋಸಾಫ್ಟ್ ಬ್ಲಾಕ್ ಮಾಡಿದರೆ ಕೇಳುವವರು ಯಾರೂ ಇಲ್ಲ.

ಆಲ್ದೂರು ರೋಬಸ್ಟಾ:
ನಮ್ಮ ತೋಟದ ಲೆಕ್ಕವೆಲ್ಲ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್‌ನಲ್ಲೇ. ಒಂದು ಪೈಸೆ ಕೊಟ್ಟಿಲ್ಲ. ಕನ್ನಡದ ಕಗಪ ಕೀಬೋರ್ಡ್ ಲೇಔಟೂ ಅದರಲ್ಲೇ ಇದೆ, ಯೂನಿಕೋಡ್ ಕನ್ನಡ ಚೆನ್ನಾಗಿ ಹೊಡೆಯಬಹುದು. ಸುಮ್ನೆ ಹತ್ತು ಸಾವಿರ ಯಾಕೆ?

ಬೇಲೂರು ಟೈಪಿಂಗ್:
ಅಣ್ಣ, ನನ್ನ ಹಳೇ ಫೈಲುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದಿದ್ದರೆ ಕರಾರು ಪತ್ರ ಹೋಗಿ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಆಗುತ್ತದೆ. ಬೆರಳ ಗುರುತು ಓದುವ ಮೆಷಿನ್ ಜೊತೆ ಕೊಟ್ಟ ಸಾಫ್ಟ್‌ವೇರೂ ವಿಂಡೋಸಿನದೇ. ತೋಟದ ಲೆಕ್ಕ ಬೇರೆ, ಅಂಗಡಿ ಬಾಗಿಲಲ್ಲಿ ನಿಂತ ಗಿರಾಕಿ ಬೇರೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಹೊಡೆದೆ. ತಾರೀಕು ಬಂತು. ಇನ್ನೊಂದು ವಿಷಯವೂ ಕಂಡಿತು. ವೈರಸ್ ನೋಡುವ ಡಿಫೆಂಡರನ್ನೇ ಹುಡುಗ ಬಂದ್ ಮಾಡಿಟ್ಟಿದ್ದಾನೆ.

ಹಾಸನದ ಲ್ಯಾಬ್ ಮೇಷ್ಟ್ರು:
ನನಗೆ ಸಿಟ್ಟು ಬರುವುದು ಅಲ್ಲೇ. ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡುವ ಕಳ್ಳ ಪ್ರೋಗ್ರಾಂ, ಓಡಬೇಕು ಅಂತ ಬಾಗಿಲು ತೆಗೆದಿಟ್ಟು ಹೋಗುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಊರವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಇರುತ್ತದೆ, ಅಲ್ವಾ?

ರೀಟೇಲ್, ಅಂದರೆ ಬಿಡಿಯಾಗಿ ಮಾರುವ ಲೈಸೆನ್ಸ್ ತಗೊಳ್ಳಿ. ಒಇಎಂ ಅಗ್ಗಕ್ಕೆ ಸಿಗಬಹುದು, ಆದರೆ ಮತ್ತೆ ಬೋರ್ಡಿಗೇ ಅಂಟಿಕೊಳ್ಳುತ್ತದೆ. ರೀಟೇಲ್ ಆದರೆ ಹೊಸ ಬೋರ್ಡಿಗೆ ಎತ್ತಿಕೊಂಡು ಹೋಗಬಹುದು. ನಿಮ್ಮ ಕಡೆಯ ಸಿಡಿಲಿಗೆ ಅದೇ ಸರಿ. ಪ್ರೊ ಬೇಡ, ಹೋಮ್ ಸಾಕು. ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬರುವುದು, ಆಫೀಸಿನ ಡೊಮೈನಿಗೆ ಸೇರಿಸುವುದು, ಇದೆಲ್ಲ ನಿಮಗೆ ಯಾಕೆ?

ಆದರೆ ಹೋಮ್ ಕೀ ಈಗಿರುವ ಪ್ರೊಗೆ ಹತ್ತುವುದಿಲ್ಲ. ಫೈಲು ಬೇರೆ ಡಿಸ್ಕಿಗೆ ತೆಗೆದಿಟ್ಟು, ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ಮಾಡಿಕೊಂಡು ಹೊಸದಾಗಿ ಹಾಕಬೇಕು. ಕೀ ಕೇಳಿದಾಗ "ಇಲ್ಲ" ಅಂತ ಮುಂದೆ ಹೋಗಿ, ಹೋಮ್ ಆರಿಸಿ. ಕೀ ಆಮೇಲೆ ಕೊಡಬಹುದು.

ಬೇಲೂರು ಟೈಪಿಂಗ್:
ಭಾನುವಾರ ಅಂಗಡಿ ಮುಚ್ಚಿ ಕೂತೆ. ಶುರುವಿನಲ್ಲೇ "ಈ ಪಿಸಿಯಲ್ಲಿ ವಿಂಡೋಸ್ 11 ಓಡುವುದಿಲ್ಲ" ಅಂತ ಬಂತು! ಮೊದಲು ಓಡುತ್ತಿತ್ತಲ್ಲ?

ಆಲ್ದೂರು ರೋಬಸ್ಟಾ:
ಹುಡುಗ ಆ ಪರೀಕ್ಷೆಯನ್ನೇ ತಪ್ಪಿಸಿ ಹಾಕಿರುತ್ತಾನೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ರೈಜನ್‌ನಲ್ಲಿ ಅದು ಇದೆ, ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗಿನಲ್ಲಿ, ಆಫ್ ಆಗಿದೆ ಅನ್ನಿಸುತ್ತದೆ. ಆನ್ ಮಾಡುವಾಗಲೇ ಡಿಲೀಟ್ ಕೀ ಒತ್ತುತ್ತಿರಿ, ಬಯಾಸ್‌ನಲ್ಲಿ ಎಫ್‌ಟಿಪಿಎಂ ಅನ್ನುವುದನ್ನು ಹುಡುಕಿ ಆನ್ ಮಾಡಿ, ಅದೇ ರೈಜನ್ ಒಳಗಿನ ಟಿಪಿಎಂ. ಹಳೇ ಮಾದರಿಯಲ್ಲಿ ಬೂಟ್ ಮಾಡಿಸುವ ಸಿಎಸ್‌ಎಂ ಆಫ್ ಇರಲಿ. ಲಿನಕ್ಸಿನವನು ವಿಂಡೋಸಿಗೆ ದಾರಿ ಹೇಳುವ ಹಾಗಾಯಿತು, ನೋಡಿ.

ಬೇಲೂರು ಟೈಪಿಂಗ್:
ಆಯಿತು. ಕೀ ಹೊಡೆದೆ, ಆಕ್ಟಿವೇಟ್ ಆಗಿದೆ ಅಂತ ಬಂತು. ಎಕ್ಸ್‌ಪಿಆರ್ ಹೊಡೆದರೆ ಈಗ ತಾರೀಕಿಲ್ಲ. ನನ್ನ ಮೈಕ್ರೋಸಾಫ್ಟ್ ಅಕೌಂಟಿಗೂ ಜೋಡಿಸಿದೆ, ಬೋರ್ಡ್ ಬದಲಾದರೆ ಅಲ್ಲಿಂದಲೇ ಮತ್ತೆ ಆಕ್ಟಿವೇಟ್ ಮಾಡಬಹುದಂತೆ. ನುಡಿ ಹಾಕಿ 2016ರ ಒಂದು ಕರಾರು ತೆಗೆದು ನೋಡಿದೆ, ಒತ್ತಕ್ಷರ ಸಮೇತ ಸರಿಯಾಗಿದೆ. ಬಿಲ್ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಟ್ಟಿದ್ದೇನೆ, ಮೆಷಿನ್ ಹೇಗೂ ಅಂಗಡಿಯಲ್ಲೇ ಇದೆಯಲ್ಲ. ನೆಟ್ ವೈರನ್ನು ಈಗ ಸಂಜೆ ಬೀಗ ಹಾಕುವ ಮುಂಚೆ ಕಿತ್ತು ಕಿಟಕಿ ಸರಳಿಗೆ ಸುತ್ತುತ್ತೇನೆ.