ಎರಡು ಬಗೆಯ ಮೆಮೊರಿಗೆ ‘ವಿಸ್ತೃತ’ ಎಂಬ ಒಂದೇ ಪದ ಸಾಕೇ?

ಮಾನ್ಯರೇ,

ಹಳೆಯ ಕಂಪ್ಯೂಟರುಗಳ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಎಂಎಸ್-ಡಾಸ್ ಕಾರ್ಯಾಚರಣ ವ್ಯವಸ್ಥೆಯ ಮೆಮೊರಿ ಮಿತಿಯನ್ನು ವಿವರಿಸುವಾಗ ‘ಎಕ್ಸ್‌ಟೆಂಡೆಡ್ ಮೆಮೊರಿ’ ಮತ್ತು ‘ಎಕ್ಸ್‌ಪ್ಯಾಂಡೆಡ್ ಮೆಮೊರಿ’ ಎಂಬ ಎರಡು ಹೆಸರುಗಳು ಎದುರಾಗುತ್ತವೆ. ನಿಘಂಟಿನ ಅರ್ಥವನ್ನು ನಂಬಿ ಕನ್ನಡಿಸಿದರೆ ಎರಡೂ ‘ವಿಸ್ತೃತ ಸ್ಮೃತಿ’ಯೇ ಆಗುತ್ತವೆ. 80386 ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಇಎಂಎಂ386 ಎಂಬ ತಂತ್ರಾಂಶವು ಮೊದಲನೆಯದನ್ನು ಬಳಸಿಕೊಂಡು ಎರಡನೆಯದನ್ನು ಅನುಕರಿಸುತ್ತಿತ್ತು. ಈ ಸಂಗತಿಯನ್ನು ಬರೆದಾಗ ನನ್ನ ಕರಡಿನಲ್ಲಿ ‘ವಿಸ್ತೃತ ಸ್ಮೃತಿಯನ್ನು ಬಳಸಿ ವಿಸ್ತೃತ ಸ್ಮೃತಿಯನ್ನು ಅನುಕರಿಸುತ್ತದೆ’ ಎಂಬ ವಾಕ್ಯ ಬಂದಿತು. ಓದುವ ವಿದ್ಯಾರ್ಥಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಪದ ಹುಡುಕುವ ಮೊದಲು ವಸ್ತುವನ್ನು ನೋಡಬೇಕಾಗುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರಿಗೆ 20 ವಿಳಾಸ ತಂತಿಗಳು (ಮೆಮೊರಿಯ ಯಾವ ಬೈಟು ಬೇಕೆಂದು ಸೂಚಿಸುವ ತಂತಿಗಳು) ಇದ್ದುದರಿಂದ ಅದು 10,48,576 ಬೈಟುಗಳನ್ನು, ಅಂದರೆ ಒಂದು ಮೆಗಾಬೈಟನ್ನು ಮಾತ್ರ ಗುರುತಿಸಬಲ್ಲದಾಗಿತ್ತು. ಅದರಲ್ಲಿ ಮೇಲಿನ 384 ಕಿಲೋಬೈಟುಗಳನ್ನು ಪರದೆಯ ಚಿತ್ರ, ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಮುಂತಾದವುಗಳಿಗೆ ಮೀಸಲಿಟ್ಟ ಕಾರಣ ಡಾಸ್‌ಗೂ ಅದರ ತಂತ್ರಾಂಶಗಳಿಗೂ ಉಳಿದದ್ದು 640 ಕಿಲೋಬೈಟು. (ಇದನ್ನು ಡಾಸ್‌ನ ಮಿತಿ ಎನ್ನುವುದು ರೂಢಿಯಾದರೂ ಮೂಲದಲ್ಲಿ ಅದು ಯಂತ್ರದ ವಿನ್ಯಾಸದಿಂದ ಬಂದ ಮಿತಿ.) ಮುಂದೆ ಬಂದ 80286ಕ್ಕೆ 24 ತಂತಿಗಳಿದ್ದವು, 16 ಮೆಗಾಬೈಟುಗಳ ವರೆಗೆ ವಿಳಾಸಗಳು ಸಿಕ್ಕವು. ಮೊದಲ ಮೆಗಾಬೈಟಿನ ಆಚೆಗೆ ಹೀಗೆ ಸಾಲಾಗಿ ಮುಂದುವರಿದದ್ದೇ ಎಕ್ಸ್‌ಟೆಂಡೆಡ್ ಮೆಮೊರಿ. ಆದರೆ ಡಾಸ್ ಆ ಪ್ರೊಸೆಸರನ್ನೂ ಹಳೆಯ 8088ರ ರೀತಿಯಲ್ಲಿಯೇ ನಡೆಸುತ್ತಿದ್ದುದರಿಂದ ಗಡಿಗೆ ತಾಗಿದ ಒಂದು ಸಣ್ಣ ತುಂಡನ್ನು ಬಿಟ್ಟರೆ ಅಲ್ಲಿಗೆ ನೇರವಾಗಿ ಕೈಚಾಚಲಾರದೆ ಇತ್ತು.

ಎಕ್ಸ್‌ಪ್ಯಾಂಡೆಡ್ ಮೆಮೊರಿಯ ಕಥೆ ಬೇರೆ. ಲೋಟಸ್, ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ 1985ರಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ ಹೆಚ್ಚಿನ ಮೆಮೊರಿ ಪ್ರತ್ಯೇಕ ಕಾರ್ಡಿನ ಮೇಲೆ ಇರುತ್ತಿತ್ತು, ಮತ್ತು ಅದಕ್ಕೆ ಸ್ವಂತ ವಿಳಾಸವೇ ಇರಲಿಲ್ಲ. ಮೀಸಲು ಜಾಗದೊಳಗೆ 64 ಕಿಲೋಬೈಟಿನ ಒಂದು ತೆರಪನ್ನು ಬಿಟ್ಟು, 16 ಕಿಲೋಬೈಟಿನ ನಾಲ್ಕು ಪುಟಗಳನ್ನು ಬೇಕಾದಂತೆ ಅಲ್ಲಿಗೆ ತಂದು ತೋರಿಸಲಾಗುತ್ತಿತ್ತು. ಹಳೆಯ 8088 ಯಂತ್ರದಲ್ಲಿಯೂ ಇದು ನಡೆಯುತ್ತಿತ್ತು. ವಿಳಾಸಗಳ ಸಾಲು ಇಲ್ಲಿ ಒಂದು ಬೈಟಿನಷ್ಟೂ ಬೆಳೆಯುವುದಿಲ್ಲ. ಆದ್ದರಿಂದ ಇದನ್ನು ‘ವಿಸ್ತೃತ’ ಎನ್ನುವುದು ಗೊಂದಲಕರ ಮಾತ್ರವಲ್ಲ, ತಪ್ಪು ಎಂದೇ ನನ್ನ ಅಭಿಪ್ರಾಯ.

ಎರಡನೆಯದಕ್ಕೆ ಮೊದಲು ‘ಪಾಳಿ ಮೆಮೊರಿ’ ಎಂಬ ಹೆಸರನ್ನು ಯೋಚಿಸಿದ್ದೆ. ಆದರೆ ಪಾಳಿ ಎಂದರೆ ಒಂದಾದ ಮೇಲೊಂದು ಗೊತ್ತಾದ ಕ್ರಮದಲ್ಲಿ ಬರುವುದು. ಇಲ್ಲಿ ಪುಟಗಳು ಕರೆದಾಗ ಬರುತ್ತವೆಯೇ ಹೊರತು ಸರದಿಯಂತಲ್ಲ. ಈಗ ‘ಕಿಂಡಿ ಮೆಮೊರಿ’ ಎಂಬುದು ಹೆಚ್ಚು ಒಪ್ಪುವಂತೆ ತೋರುತ್ತದೆ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲವರಿಗೆ, ಗೋಡೆಯಾಚೆ ಇರುವುದನ್ನು ಒಂದು ಸಣ್ಣ ತೆರಪಿನ ಮೂಲಕ ಕಾಣುವುದು ಎಂಬ ಅರ್ಥ ಬಿಡಿಸಿ ಹೇಳದೆಯೇ ಹೊಳೆಯುತ್ತದೆ.

ಮೊದಲನೆಯದಕ್ಕೆ ‘ಮುಂದುವರಿದ ಮೆಮೊರಿ’ ಎನ್ನಬಹುದಿತ್ತು, ಆದರೆ ‘ಮುಂದುವರಿದ ದೇಶ’ ಎನ್ನುವಂತೆ ಅದಕ್ಕೆ ‘ಪ್ರಗತಿ ಹೊಂದಿದ’ ಎಂಬ ಅರ್ಥವೂ ಅಂಟಿಕೊಂಡಿದೆ. ಊರಿನ ಎಕ್ಸ್‌ಟೆನ್ಷನ್ನಿಗೆ ನಮ್ಮಲ್ಲಿ ‘ಬಡಾವಣೆ’ ಎಂಬ ಪದ ಆಗಲೇ ಇದೆ. ಹಳೆಯ ಪೇಟೆಯ ಎಲ್ಲೆ ದಾಟಿ ಮನೆ ವಿಳಾಸಗಳು ಬೆಳೆದುಕೊಂಡು ಹೋಗುವುದು ಈ ಮೆಮೊರಿಗೆ ಬಹಳ ಹತ್ತಿರದ ಹೋಲಿಕೆ. ವಿವರಣೆಗೆ ಅದನ್ನು ಬಳಸಿಕೊಂಡು, ಹೆಸರಾಗಿ ‘ಚಾಚು ಮೆಮೊರಿ’ ಎಂದು ಇಡಬಹುದೇ? ‘ಮೆಮೊರಿ’ಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ‘ಸ್ಮೃತಿ’ ಎಂದೊಡನೆ ನಮಗೆ ಧರ್ಮಶಾಸ್ತ್ರ ನೆನಪಾಗುತ್ತದೆ.

ನನಗೆ ಇನ್ನೂ ಬಗೆಹರಿಯದ ಇನ್ನೊಂದು ಜೋಡಿಯಿದೆ. 640 ಕಿಲೋಬೈಟಿನಿಂದ ಒಂದು ಮೆಗಾಬೈಟಿನ ವರೆಗಿನದು ‘ಅಪ್ಪರ್ ಮೆಮೊರಿ’. ಮೆಗಾಬೈಟಿನ ಗಡಿ ದಾಟಿದೊಡನೆ ಸಿಗುವ 65,520 ಬೈಟುಗಳ ತುಂಡು ‘ಹೈ ಮೆಮೊರಿ’. 1991ರ ಡಾಸ್ 5.0 ತನ್ನ ಒಂದು ಭಾಗವನ್ನು ಈ ಎರಡನೆಯ ತುಂಡಿಗೆ ಸಾಗಿಸಿ, 640ರೊಳಗಿನ ಜಾಗವನ್ನು ಬಳಕೆದಾರರಿಗೆ ಬಿಟ್ಟುಕೊಡುತ್ತಿತ್ತು. ಎರಡನ್ನೂ ‘ಮೇಲಿನ ಮೆಮೊರಿ’ ಎಂದರೆ ಮತ್ತೆ ಅದೇ ತೊಡಕು. ಮನೆಯೊಳಗೇ ಇದ್ದು ಮೇಲೆ ಇರುವುದರಿಂದ ಮೊದಲನೆಯದಕ್ಕೆ ‘ಅಟ್ಟ’ ಸರಿಹೊಂದುತ್ತದೆ. ಗಡಿಯ ಹೊರಮಗ್ಗುಲಿಗೇ ತಾಗಿಕೊಂಡಿರುವ ಆ ಕಿರಿದಾದ ಪಟ್ಟಿಗೆ ನಿಮ್ಮ ಊರಿನ ಆಡುಮಾತಿನಲ್ಲಿ, ಹೊಲದ ಅಥವಾ ಮನೆಯ ಸಂದರ್ಭದಲ್ಲಿ, ಯಾವುದಾದರೂ ಪದವಿದ್ದರೆ ದಯವಿಟ್ಟು ಅದರ ಬಳಕೆಯ ಒಂದು ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.