ಒಬ್ಬನೇ ಹೀರೋ ಇಟ್ಟು ಡೆಕ್ ಕಟ್ಟಬಹುದಾ? ಭಾನುವಾರದ ಪ್ರಶ್ನೋತ್ತರ

ಮೈಸೂರು-ಮಂಡ್ಯ ಬೋರ್ಡ್ ಗೇಮ್ ಗುಂಪು. ಉತ್ತರ ಕೊಡುವವರು ಜಯಲಕ್ಷ್ಮೀಪುರಂನಲ್ಲಿ ಗೇಮ್ ಅಂಗಡಿ ನಡೆಸುವ ಮೇಡಂ.

ಮಂಡ್ಯದ ತಂದೆ: ನಮಸ್ಕಾರ ಮೇಡಂ. ನಮ್ಮ ಮನೆಯಲ್ಲಿ ಲಾರ್ಡ್ ಆಫ್ ದ ರಿಂಗ್ಸ್ ಕಾರ್ಡ್ ಗೇಮ್ ಇದೆ, 2011ರ ಹಳೇ ಪೆಟ್ಟಿಗೆ, ಎಲ್ಲರೂ ಒಂದೇ ಕಡೆ ಸೇರಿ ಆಡೋದು. ಮಗ ಅರಗಾರ್ನ್ ಒಬ್ಬನನ್ನೇ ಇಟ್ಟು ಡೆಕ್ ಕಟ್ಟಿದ್ದಾನೆ, ಅದರ ಪಟ್ಟಿ ಕಳಿಸಿದ್ದೀನಿ. ಮಗಳದು ಗಿಮ್ಲಿ, ಲೆಗೊಲಸ್, ಥಾಲಿನ್. ಒಟ್ಟಿಗೆ ಆಡಿದರೆ ಪ್ರತಿ ಸಲ ಮೊದಲು ಮಗಳು ಸೋಲುತ್ತಾಳೆ, ಹಿಂದೆಯೇ ಮಗ. ನಿನ್ನೆ ಅವಳು ಕಾರ್ಡ್ ಬಿಸಾಕಿ ಎದ್ದು ಹೋದಳು. ಒಬ್ಬನೇ ಹೀರೋ ಇಡೋದು ತಪ್ಪಾ?

ಮೇಡಂ: ತಪ್ಪಲ್ಲ ಸರ್. ಒಂದರಿಂದ ಮೂರು ಹೀರೋ ಇಡಬಹುದು ಅಂತ ನಿಯಮವೇ ಇದೆ. ನಿಮ್ಮ ಪ್ರಶ್ನೆ ಓದಿ, ರಾತ್ರಿ ಎರಡೂ ಕಡೆ ನಾನೇ ಕೂತು ಆಡಿ ನೋಡಿದೆ.

ಅರಗಾರ್ನ್‌ನ ಥ್ರೆಟ್, ಅಂದರೆ ಶತ್ರುಗಳ ಕಣ್ಣಿಗೆ ಬೀಳೋ ಅಳತೆ, 12. ಮಗಳ ಮೂವರದು ಸೇರಿ 29. ಮೊದಲ ಕ್ವೆಸ್ಟ್‌ನಲ್ಲಿ, ಅಂದರೆ ಮೊದಲ ಸಾಹಸದಲ್ಲಿ, ಶುರುವಿಗೇ ಕಾಡಿನ ಜೇಡ ಬಂದು ಕೂರುತ್ತಲ್ಲ, ಅದು 25 ಮುಟ್ಟಿದವರ ಮೇಲೆ ಬೀಳುತ್ತೆ. ಅಂದರೆ ಮಗಳ ಮೇಲೆ. ಮಗನ ಮುಂದೆ ಮೇಜು ಖಾಲಿ. ಅವನು ಚೆನ್ನಾಗಿ ಆಡ್ತಿದ್ದೀನಿ ಅಂದುಕೊಂಡಿರ್ತಾನೆ, ಏಟೆಲ್ಲ ಅಕ್ಕನಿಗೆ. ಅವಳು ಎದ್ದು ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಅವನಿಗೆ ಹೇಳಿ: ಪ್ರತಿ ಸುತ್ತಲ್ಲೂ ತಾನಾಗಿ ಒಂದು ಶತ್ರುವನ್ನು ಕರೆದುಕೊಳ್ಳಬಹುದು, ಥ್ರೆಟ್ ಎಷ್ಟಿದ್ದರೂ ಸರಿ. ಅವನು ಅದನ್ನು ಮಾಡ್ತಿಲ್ಲ.

ಇನ್ನು ಡೆಕ್. ಅವನ ಪಟ್ಟಿಯಲ್ಲಿ ಬಲ ಹೆಚ್ಚಿಸೋ ಕಾರ್ಡೇ ಜಾಸ್ತಿ. ಅರಗಾರ್ನ್‌ಗೆ ಬಲ ಸಾಲದೆ ಸೋಲ್ತಿಲ್ಲ. ಕ್ವೆಸ್ಟ್‌ನಲ್ಲಿ ಮುಂದೆ ಸಾಗೋಕೂ ಅವನೇ, ತಡೆಯೋಕೂ ಅವನೇ, ಹೊಡೆಯೋಕೂ ಅವನೇ. ಒಂದು ಕೆಲಸ ಮಾಡಿದ ಕೂಡಲೇ ಕಾರ್ಡ್ ಅಡ್ಡ ಮಲಗುತ್ತೆ. ಅವನನ್ನು ಮತ್ತೆ ಎಬ್ಬಿಸೋ ಡೆಕ್ ಬೇಕು.

ಮೊದಲ ಸುತ್ತಿನ ಒಂದು ರಿಸೋರ್ಸ್ (ಕಾರ್ಡ್ ಇಳಿಸೋಕೆ ಹೀರೋಗೆ ಸುತ್ತಿಗೊಂದು ಸಿಗೋ ಹಣ) ಖರ್ಚು ಮಾಡಬೇಡಿ. ಎರಡನೇ ಸುತ್ತಲ್ಲಿ ಎರಡಾಗುತ್ತೆ, ಸ್ಟೀವರ್ಡ್ ಆಫ್ ಗಾಂಡಾರ್ ಹಾಕಿ. ಅದು ಆಗಲೇ ಎರಡು ವಾಪಸ್ ಕೊಡುತ್ತೆ. ಆ ಎರಡಕ್ಕೆ ಸೆಲೆಬ್ರಿಯನ್ಸ್ ಸ್ಟೋನ್. ವಿಲ್‌ಪವರ್, ಅಂದರೆ ಕ್ವೆಸ್ಟ್‌ನಲ್ಲಿ ಸಾಗೋ ಶಕ್ತಿ, 2ರಿಂದ 4 ಆಗುತ್ತೆ. ಅದಕ್ಕಿಂತ ಮುಖ್ಯವಾಗಿ ಅರಗಾರ್ನ್‌ಗೆ ಸ್ಪಿರಿಟ್ ಗುರುತು ಸಿಗುತ್ತೆ, ಅಂದರೆ ಸ್ಪಿರಿಟ್ ಗುಂಪಿನ ಕಾರ್ಡನ್ನೂ ಇಳಿಸಬಹುದು. ಮೂರನೇ ಸುತ್ತಲ್ಲಿ ಮೂರು ರಿಸೋರ್ಸ್. ಎರಡಕ್ಕೆ ಸ್ಪಿರಿಟ್ ಕಾರ್ಡ್ ಆದ ಅನ್‌ಎಕ್ಸ್‌ಪೆಕ್ಟೆಡ್ ಕರೇಜ್ (ಇದೂ ಅವನನ್ನು ಒಂದು ಸಲ ಎಬ್ಬಿಸುತ್ತೆ), ಉಳಿದ ಒಂದನ್ನು ಕೊಟ್ಟು ಕ್ವೆಸ್ಟ್‌ಗೆ ಹೋದವನನ್ನು ಅವನದೇ ಶಕ್ತಿಯಿಂದ ಎಬ್ಬಿಸಿ. ಮೂರೂ ಕೆಲಸಕ್ಕೆ ಆಳು ಸಿಕ್ಕಿದ.

ತೊಂದರೆ ಏನಂದ್ರೆ, ಹಳೇ ಪೆಟ್ಟಿಗೆಯಲ್ಲಿ ಸ್ಟೀವರ್ಡ್ ಎರಡೇ ಇವೆ. ಸ್ಟೋನ್, ಕರೇಜ್ ಒಂದೊಂದೇ. 50 ಕಾರ್ಡಿನ ಡೆಕ್‌ನಲ್ಲಿ ಮೊದಲ ಆರು ಎಲೆ, ಒಂದು ಸಲ ಬದಲಾಯಿಸಿದರೂ, ಸ್ಟೀವರ್ಡ್ ಬರೋದು ನೂರಕ್ಕೆ 40 ಸಲ. ಬರಲಿಲ್ಲ ಅಂದ್ರೆ ಮೊದಲ ಸುತ್ತಲ್ಲೇ ಸ್ನೀಕ್ ಅಟ್ಯಾಕ್‌ನಿಂದ ಗ್ಯಾಂಡಾಲ್ಫ್‌ನನ್ನು ಇಳಿಸಿ ಮೂರು ಎಲೆ ಎತ್ತಲಿ.

ಮಗಳು ಥಾಲಿನ್ ಬದಲು ಎಯೊವಿನ್ ತಗೊಳ್ಳಲಿ. ಇಬ್ಬರದೂ ಥ್ರೆಟ್ 9, ಆದರೆ ಎಯೊವಿನ್ ವಿಲ್‌ಪವರ್ 4. ಈಗ ಮನೇಲಿ ಕ್ವೆಸ್ಟ್‌ಗೆ ಹೋಗೋಕೆ ಸರಿಯಾದವರೇ ಇಲ್ಲ.

ಸರಸ್ವತಿಪುರಂ ಸದಸ್ಯ: 50 ಕಾರ್ಡ್ ಇರಲೇಬೇಕಾ ಮೇಡಂ?

ಮೇಡಂ: ಹೌದು. ಒಂದೇ ಹೆಸರಿನದು ಮೂರಕ್ಕಿಂತ ಜಾಸ್ತಿ ಬೇಡ.

ಹೆಬ್ಬಾಳದ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ: «ಕಾರ್ಡ್ ಅಂಟುತ್ತಿದ್ದರೆ ಕೇರಂ ಪೌಡರ್ ಉದುರಿಸಿ, ಮಳೆಗಾಲದಲ್ಲಿ ಬಿಸಿಲಿಗೆ ಹರಡಿ, ಹೊಸದರಂತೆ ಆಗುತ್ತೆ.»

ಮೇಡಂ: ದಯವಿಟ್ಟು ಮಾಡಬೇಡಿ. ಪೌಡರ್ ಅಂಚಿನಲ್ಲಿ ಕೂತು ತೇವ ಹಿಡಿಯುತ್ತೆ. ಬಿಸಿಲಿಗೆ ಇಟ್ಟರೆ ಕಾರ್ಡ್ ಹಪ್ಪಳದ ಹಾಗೆ ಬಾಗುತ್ತೆ. ಬಾಗಿದ ಕಾರ್ಡನ್ನು ಬೆನ್ನು ನೋಡಿಯೇ ಗುರುತು ಹಿಡೀಬಹುದು, ಆಮೇಲೆ ಆಟ ಎಲ್ಲಿ ಉಳೀತು? ಹೀಗೆ ಹಾಳಾದ ಮೂರು ಡೆಕ್ ಈ ವರ್ಷವೇ ನನ್ನ ಅಂಗಡಿಗೆ ಬಂದಿವೆ. 63.5×88 ಮಿಲಿಮೀಟರ್ ಸ್ಲೀವ್ ಹಾಕಿ.

ಕುವೆಂಪುನಗರ ಸದಸ್ಯ: ಒಬ್ಬನೇ ಹೀರೋ ಇಡೋನು ಜೊತೆಗಾರರಿಗೆ ಹೊರೆ. ಇಬ್ಬರು ಆಡಿದ್ರೆ ಸುತ್ತಿಗೆ ಎರಡು ಎನ್‌ಕೌಂಟರ್ ಕಾರ್ಡ್, ಅಂದರೆ ಶತ್ರು-ಆಪತ್ತು ತರೋ ಕಾರ್ಡ್, ತೆಗೀಬೇಕು. ಇವನು ತರೋದು ಒಬ್ಬನನ್ನ.

ಸರಸ್ವತಿಪುರಂ ಸದಸ್ಯ: ಅರಗಾರ್ನ್‌ಗೆ ಸೆಂಟಿನೆಲ್ ಇದೆ, ಅಕ್ಕನ ಮೇಲೆ ಬಂದ ಏಟನ್ನೂ ತಡೀತಾನೆ. ಕಾರ್ಡ್ ಓದಿದ್ದೀರಾ?

ಕುವೆಂಪುನಗರ ಸದಸ್ಯ: ನಾನು ಎಂಟು ವರ್ಷದಿಂದ ಆಡ್ತಿದ್ದೀನಿ. ನನಗೆ ಕಾರ್ಡ್ ಓದೋದು ಹೇಳಿಕೊಡಬೇಡಿ.

ಅಗ್ರಹಾರದ ಹಿರಿಯರು: ನಮ್ಮೂರಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳನ್ನು ಕಟ್ಟಿ ಶ್ರೀತತ್ತ್ವನಿಧಿಯಲ್ಲಿ ಬರೆಸಿದ್ದಾರೆ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಅದನ್ನು ಒಬ್ಬರೂ ಕೇಳಲ್ಲ.

ಸರಸ್ವತಿಪುರಂ ಸದಸ್ಯ: ತಾತ, ಗಂಜೀಫಾದಲ್ಲಿ ಒಬ್ಬರನ್ನೊಬ್ಬರು ಸೋಲಿಸಬೇಕು. ಇದರಲ್ಲಿ ಎಲ್ಲರೂ ಒಂದೇ ಕಡೆ. ಅದಕ್ಕೇ ಮಕ್ಕಳ ಜೊತೆ ಇದನ್ನ ಆಡೋದು.

ಕುವೆಂಪುನಗರ ಸದಸ್ಯ: ಒಂದೇ ಕಡೆ ಅಂತೀರಿ, ಹೊರೆ ಮಾತ್ರ ಒಬ್ಬರಿಗೆ.

ಮೇಡಂ: ಇಬ್ಬರೂ ನಿಲ್ಲಿಸಿ. ಹೊರೆ ಅನ್ನೋ ಮಾತನ್ನು ಆ ಹುಡುಗನೂ ಓದ್ತಾನೆ.

ಶ್ರೀರಂಗಪಟ್ಟಣದ ಸದಸ್ಯೆ: ಗಿಮ್ಲಿ ಒಬ್ಬನನ್ನೇ ಇಟ್ಟರೆ ಹೇಗೆ? ಹಳೇ ಪೆಟ್ಟಿಗೆ ಮಾರೋರು ಇದ್ದಾರಾ?

ಹೆಬ್ಬಾಳದ ಸದಸ್ಯ: ಇನ್ನೊಂದು ಫಾರ್ವರ್ಡ್: «ಯಾವತ್ತೂ ಸೋಲದ ಒಂಟಿ ಹೀರೋ ಡೆಕ್.»

ಮೇಡಂ: ಸೋಲದ ಡೆಕ್ ಅನ್ನೋದು ಇಲ್ಲ. ಆ ಪಟ್ಟಿಯಲ್ಲಿ ಸ್ಟೀವರ್ಡ್ ನಾಲ್ಕು ಇದೆ, ನಿಯಮಕ್ಕೇ ವಿರುದ್ಧ. ಓದದೆ ಕಳಿಸಬೇಡಿ, ಇದು ಎರಡನೇ ಸಲ ಹೇಳ್ತಿರೋದು.

ಗೋಕುಲಂ ಸದಸ್ಯ: 50 ಕಾರ್ಡ್ ಕಡ್ಡಾಯನಾ?

ಮೇಡಂ: ಮೇಲೆ ಓದಿ.

ಮಂಡ್ಯದ ತಂದೆ: ಮೇಡಂ, ಮಧ್ಯಾಹ್ನ ಆಡಿದರು. ಜೇಡವನ್ನು ಮಗನೇ ಕರೆದ. ಸ್ಟೋನ್ ಬರಲೇ ಇಲ್ಲ, ಆದರೂ ಮೊದಲ ಕ್ವೆಸ್ಟ್ ದಾಟಿದರು. ಈಗ ಎರಡನೇದು ಅಂತ ಕೂತಿದ್ದಾರೆ. ಅಲ್ಲಿ ಹಿಲ್ ಟ್ರೋಲ್ ಇದೆ ಅಂತ ಮಗಳಿಗೆ ಹೆದರಿಕೆ.

ಮೇಡಂ: ಹೆದರಬೇಕಾದ್ದೇ. ಟ್ರೋಲ್ ದಾಳಿ 6. ಅರಗಾರ್ನ್ ರಕ್ಷಣೆ 2, ಜೀವ 5. ಒಂದು ಸಲ ತಡೆದರೆ ಜೀವ 1 ಉಳಿಯುತ್ತೆ, ದಾಳಿಯ ಜೊತೆ ಮುಚ್ಚಿಟ್ಟು ಬರೋ ಶ್ಯಾಡೋ ಕಾರ್ಡ್ ಕೆಟ್ಟದ್ದು ಬಂದರೆ ಅದೂ ಇಲ್ಲ. ಇರೋ ಒಬ್ಬ ಹೀರೋ ಹೋದರೆ ಅವನ ಆಟ ಮುಗೀತು. ಅದಕ್ಕೆ ಮಗ ಟ್ರೋಲನ್ನು ತನ್ನ ಕಡೆ ಕರೆದು ಸ್ನೋಬೋರ್ನ್ ಸ್ಕೌಟ್ ಅನ್ನೋ ಸಣ್ಣ ಜೊತೆಗಾರನನ್ನು ಎದುರು ನಿಲ್ಲಿಸಲಿ. ಸ್ಕೌಟ್ ಸಾಯ್ತಾನೆ, ಮಿಕ್ಕ ಏಟು ಕರೆದವರ ಥ್ರೆಟ್‌ಗೆ ಸೇರುತ್ತೆ, ಒಂದು ಸಲಕ್ಕೆ 4. ಮಗಳು 29ರಿಂದ ಶುರು ಮಾಡಿ ಅದನ್ನು ತಡೆಯೋಕಾಗಲ್ಲ, 50 ಆದರೆ ಔಟ್. 12ರಿಂದ ಹೊರಟವನಿಗೆ ಆಗುತ್ತೆ. ಅಷ್ಟರಲ್ಲಿ ಗಿಮ್ಲಿ ಬೆಳೀಲಿ. ಅವನ ಮೈಮೇಲೆ ಎಷ್ಟು ಗಾಯವೋ ಅಷ್ಟು ದಾಳಿ ಜಾಸ್ತಿ. ರಾತ್ರಿ ಏನಾಯ್ತು ಬರೀರಿ, ಕಾಯ್ತಿರ್ತೀನಿ.